ಕಂಪನಿ ಇಲ್ಲದವರ ಬಿಸಿನೆಸ್ ಕಾರ್ಡ್: ಅಮೆರಿಕದಲ್ಲಿ ಸೋಲ್ ಪ್ರೊಪ್ರೈಟರ್ ಅರ್ಜಿ ತುಂಬುವ ಬಗೆ

"ನನ್ನದು ಕಂಪನಿನೇ ಅಲ್ಲ, ನನಗ್ಯಾರು ಬಿಸಿನೆಸ್ ಕಾರ್ಡ್ ಕೊಡ್ತಾರೆ?" ಅಮೆರಿಕದಲ್ಲಿ ಮನೆಯಿಂದಲೇ ಸಣ್ಣ ಕೆಲಸ ನಡೆಸುವವರು ಈ ಮಾತು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಮಕ್ಕಳಿಗೆ ಗಣಿತ ಹೇಳಿಕೊಡುವವರು, ಬಟ್ಟೆ ಹೊಲಿದು ಕೊಡುವವರು, ಶನಿವಾರ ಭಾನುವಾರ ಫೋಟೋ ತೆಗೆಯಲು ಹೋಗುವವರು, ಆನ್‌ಲೈನ್‌ನಲ್ಲಿ ಸಾಮಾನು ಮಾರುವವರು. ಇವರಲ್ಲಿ ಹೆಚ್ಚಿನವರು ತಮ್ಮನ್ನು ವ್ಯಾಪಾರಸ್ಥರು ಅಂತಲೇ ಅಂದುಕೊಂಡಿರುವುದಿಲ್ಲ. ದಾರ, ಲೆನ್ಸು, ಪೋಸ್ಟೇಜು ಎಲ್ಲವನ್ನೂ ಮನೆಯ ಕಾರ್ಡಿನಲ್ಲೇ ಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ತೆರಿಗೆ ಲೆಕ್ಕಕ್ಕೆ ಕೂತಾಗ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಹರಡಿಕೊಂಡು, ಯಾವುದು ಮನೆಯದು, ಯಾವುದು ಕೆಲಸದ್ದು ಅಂತ ಪೆನ್ನಿನಲ್ಲಿ ಗುರುತು ಹಾಕುತ್ತಾ ರಾತ್ರಿ ಕಳೆಯುತ್ತಾರೆ.

ಇವರೆಲ್ಲರೂ ಬಿಸಿನೆಸ್ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಬಹುದು. ಎಲ್‌ಎಲ್‌ಸಿ, ಅಂದರೆ ಮಾಲೀಕರಿಂದ ಬೇರೆಯಾಗಿ ನೋಂದಾಯಿಸುವ ಕಂಪನಿ, ಮಾಡಿಸಬೇಕಿಲ್ಲ. ಆಫೀಸು, ಬೋರ್ಡು, ನೌಕರರು ಯಾವುದೂ ಬೇಕಿಲ್ಲ. ಕೆಲವು ಹೊಸ ಕಾಲದ ಕಾರ್ಪೊರೇಟ್ ಕಾರ್ಡುಗಳು ನೋಂದಾಯಿತ ಕಂಪನಿಗಳಿಗೆ ಮಾತ್ರ ಸಿಗುತ್ತವೆ, ಅದು ಬೇರೆ ವಿಷಯ. ದೊಡ್ಡ ಬ್ಯಾಂಕುಗಳ ಸಣ್ಣ ವ್ಯಾಪಾರದ ಕಾರ್ಡುಗಳ ಅರ್ಜಿಯಲ್ಲಿ ಮಾತ್ರ "ಸೋಲ್ ಪ್ರೊಪ್ರೈಟರ್", ಅಂದರೆ ಒಬ್ಬರೇ ಮಾಲೀಕರು, ಅನ್ನುವ ಆಯ್ಕೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ತೊಡಕು ಇರುವುದು ಅರ್ಜಿಯ ಭಾಷೆಯಲ್ಲಿ. ಅದು ದೊಡ್ಡ ಕಂಪನಿಗಳಿಗೆ ಬರೆದ ಹಾಗಿರುತ್ತದೆ. ಮೊದಲ ಕಾಲಂನಲ್ಲೇ "ವ್ಯಾಪಾರದ ಕಾನೂನುಬದ್ಧ ಹೆಸರು" ಅಂತ ಕೇಳುತ್ತದೆ. ಅಲ್ಲೇ ಎಷ್ಟೋ ಜನ ಅರ್ಜಿ ಮುಚ್ಚಿ ಎದ್ದುಬಿಡುತ್ತಾರೆ.

ಒಂದು ಮಾತು ತಲೆಯಲ್ಲಿಟ್ಟುಕೊಂಡರೆ ಈ ಅರ್ಜಿಯ ಬಹುತೇಕ ಕಾಲಂಗಳು ತಾವೇ ತುಂಬಿಕೊಳ್ಳುತ್ತವೆ. ಕಾನೂನಿನ ಕಣ್ಣಿಗೆ ನೀವೂ ನಿಮ್ಮ ವ್ಯಾಪಾರವೂ ಒಬ್ಬರೇ. ಸೋಲ್ ಪ್ರೊಪ್ರೈಟರ್ ಅಂದರೆ ಇಷ್ಟೇ. ಎಲ್‌ಎಲ್‌ಸಿ, ಕಾರ್ಪೊರೇಷನ್‌ಗಳನ್ನು ರಾಜ್ಯದಲ್ಲಿ ನೋಂದಾಯಿಸಿ ಹುಟ್ಟಿಸಬೇಕು. ಸೋಲ್ ಪ್ರೊಪ್ರೈಟರ್‌ಶಿಪ್ ಹಾಗಲ್ಲ. ಲಾಭದ ಉದ್ದೇಶದಿಂದ ನೀವೊಬ್ಬರೇ ಕೆಲಸ ಶುರು ಮಾಡಿದ ದಿನವೇ ಅದು ಹುಟ್ಟಿತು. ಕೆಲವು ಕೆಲಸಗಳಿಗೆ, ಕೆಲವು ಊರುಗಳಲ್ಲಿ ಲೈಸೆನ್ಸ್ ಬೇಕಾಗಬಹುದು, ಅದನ್ನು ಮಾಡಿಸಿಕೊಳ್ಳಬೇಕು. ಆದರೆ ವ್ಯಾಪಾರ ಅನ್ನುವುದು ನಿಮ್ಮಿಂದ ಬೇರೆಯಾದ ವ್ಯಕ್ತಿ ಅಲ್ಲ. ಅದರ ಆದಾಯ ನಿಮ್ಮ ಆದಾಯ. ನಿಮ್ಮ ವಾರ್ಷಿಕ ತೆರಿಗೆ ಲೆಕ್ಕದ ಫಾರ್ಮ್ 1040ರ ಜೊತೆ ಶೆಡ್ಯೂಲ್ ಸಿ ಅನ್ನುವ ಹಾಳೆಯಲ್ಲಿ ಅದರ ಲೆಕ್ಕ ಹೋಗುತ್ತದೆ. ಅದರ ಸಾಲವೂ ನಿಮ್ಮದೇ ಸಾಲ. ಈ ಕೊನೆಯ ಮಾತಿಗೆ ಮತ್ತೆ ಬರುತ್ತೇನೆ, ಯಾಕಂದರೆ ಮುಖ್ಯವಾದದ್ದು ಅದೇ.

ಅರ್ಜಿ ತುಂಬೋಣ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಮಹಿಳೆ ಮನೆಯಲ್ಲೇ ಬಟ್ಟೆ ಹೊಲಿದು ಕೊಡುತ್ತಾರೆ. ಶುರುವಾಗಿ ಎರಡು ವರ್ಷ. ಕಳೆದ ವರ್ಷ ಗಿರಾಕಿಗಳು ಕೊಟ್ಟ ಹಣ ಒಟ್ಟು 9,400 ಡಾಲರ್. ಬಟ್ಟೆ, ದಾರ, ಮಷೀನ್ ರಿಪೇರಿ ಅಂತ ಖರ್ಚಾದದ್ದು 3,100. ಉಳಿದದ್ದು 6,300. ಇದಲ್ಲದೆ ಒಂದು ಶಾಲೆಯಲ್ಲಿ ಅರೆದಿನದ ಕೆಲಸ, ವರ್ಷಕ್ಕೆ 31,000 ಸಂಬಳ. ಇವರು ಅರ್ಜಿ ತುಂಬಲು ಕೂತಿದ್ದಾರೆ.

ವ್ಯಾಪಾರದ ಕಾನೂನುಬದ್ಧ ಹೆಸರು. ಇಲ್ಲಿ ಅವರ ಸ್ವಂತ ಹೆಸರು, ಐಡಿಯಲ್ಲಿ ಇರುವ ಹಾಗೆಯೇ. ಬೇರೆ ಏನೂ ಬೇಡ. ವ್ಯಾಪಾರಕ್ಕೆ ಇನ್ನೊಂದು ಹೆಸರು ಇಟ್ಟುಕೊಳ್ಳಬೇಕು ಅಂದರೆ ಅದಕ್ಕೆ ಡಿಬಿಎ ಅಂತ ದಾರಿಯಿದೆ. "ಡೂಯಿಂಗ್ ಬಿಸಿನೆಸ್ ಆ್ಯಸ್" ಅನ್ನುವುದರ ಚಿಕ್ಕ ರೂಪ ಅದು. ರಾಜ್ಯವನ್ನು ನೋಡಿಕೊಂಡು ಕೌಂಟಿಯಲ್ಲೋ ರಾಜ್ಯ ಸರ್ಕಾರದಲ್ಲೋ ಅದನ್ನು ದಾಖಲಿಸಬೇಕು. ದಾಖಲಿಸಿದ್ದರೆ ಬರೆಯಿರಿ. ಇಲ್ಲದಿದ್ದರೆ ಸ್ವಂತ ಹೆಸರೇ ಸಾಕು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಮೊದಲ ಸಲ ಅರ್ಜಿ ಹಾಕಿದಾಗ ಸ್ವಂತ ಹೆಸರು ಬರೆದರೆ ತೂಕ ಕಡಿಮೆಯಾಗುತ್ತದೆ ಅನ್ನಿಸಿತ್ತು. ಹೆಸರಿನ ಮುಂದೆ "ಕನ್ಸಲ್ಟಿಂಗ್ ಸರ್ವಿಸಸ್" ಅಂತ ಸೇರಿಸಿದೆ. ನಾಲ್ಕು ದಿನ ಬಿಟ್ಟು ಬ್ಯಾಂಕಿನಿಂದ ಪತ್ರ ಬಂತು: ಈ ಹೆಸರಿನ ನೋಂದಣಿ ಪತ್ರ ಕಳಿಸಿ. ನನ್ನ ಹತ್ತಿರ ಅಂಥದ್ದು ಎಲ್ಲಿತ್ತು? ಫೋನ್ ಮಾಡಿ ವಿವರಿಸಿದೆ, ತಿದ್ದಲು ಆಗುವುದಿಲ್ಲ ಅಂದರು. ಆ ಅರ್ಜಿ ಅಲ್ಲಿಗೇ ಮುಗಿಯಿತು. ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ಸಾಲದ ಇತಿಹಾಸದ ದಾಖಲೆಯಲ್ಲಿ, ಬ್ಯಾಂಕ್ ವಿಚಾರಿಸಿದ ಗುರುತು ಮಾತ್ರ ಉಳಿಯಿತು. ಮುಂದಿನ ಸಲ ಬರೀ ನನ್ನ ಹೆಸರು ಬರೆದೆ, ಕಾರ್ಡ್ ಬಂತು.

ವಿಳಾಸ ಮತ್ತು ಫೋನ್. ಮನೆಯದೇ. ಮನೆಯಿಂದ ಕೆಲಸ ಮಾಡುವವರಿಗೆ ಅದೇ ವ್ಯಾಪಾರದ ವಿಳಾಸ.

ವ್ಯಾಪಾರದ ಬಗೆ. ಸೋಲ್ ಪ್ರೊಪ್ರೈಟರ್. ಪಾರ್ಟ್ನರ್‌ಶಿಪ್, ಎಲ್‌ಎಲ್‌ಸಿ ಅಂತ ಪಕ್ಕದಲ್ಲೇ ಇರುತ್ತದೆ, ಕೈ ತಪ್ಪಿ ಒತ್ತಬೇಡಿ. ಎಲ್‌ಎಲ್‌ಸಿ ಅಂತ ಒತ್ತಿದರೆ ಬ್ಯಾಂಕ್ ರಾಜ್ಯದ ದಾಖಲೆಯಲ್ಲಿ ಹುಡುಕುತ್ತದೆ, ಸಿಗುವುದಿಲ್ಲ.

ಟ್ಯಾಕ್ಸ್ ಐಡಿ. ಜನ ಅತಿ ಜಾಸ್ತಿ ಗೊಂದಲ ಮಾಡಿಕೊಳ್ಳುವ ಕಾಲಂ ಇದು. ಇಐಎನ್ ಅಂದರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ವ್ಯಾಪಾರಗಳಿಗೆ ಕೊಡುವ ಒಂಬತ್ತು ಅಂಕಿಯ ಸಂಖ್ಯೆ. ನೌಕರರಿಲ್ಲದ ಸೋಲ್ ಪ್ರೊಪ್ರೈಟರ್‌ಗೆ ಸಾಮಾನ್ಯವಾಗಿ ಅದು ಕಡ್ಡಾಯವಲ್ಲ. ಸರ್ಕಾರ ನಿಮಗೆ ಕೊಟ್ಟ ಸೋಷಿಯಲ್ ಸೆಕ್ಯುರಿಟಿ ನಂಬರೇ ಟ್ಯಾಕ್ಸ್ ಐಡಿ ಆಗುತ್ತದೆ. ಅದೂ ಒಂಬತ್ತು ಅಂಕಿಯೇ. ಆದರೂ ಇಐಎನ್ ತೆಗೆದುಕೊಳ್ಳಿ ಅಂತಲೇ ನಾನು ಹೇಳುತ್ತೇನೆ. ಗಿರಾಕಿಗಳು ನಿಮ್ಮ ಟ್ಯಾಕ್ಸ್ ಐಡಿ ಬರೆದುಕೊಡುವ ಡಬ್ಲ್ಯು-9 ಫಾರ್ಮ್ ಕೇಳಿದಾಗ ಸೋಷಿಯಲ್ ಸೆಕ್ಯುರಿಟಿ ನಂಬರನ್ನು ಕಂಡಕಂಡವರಿಗೆ ಕೊಡುವುದು ತಪ್ಪುತ್ತದೆ. ಐಆರ್‌ಎಸ್‌ನ ಸ್ವಂತ ಜಾಲತಾಣದಲ್ಲಿ ತುಂಬಿದರೆ ಅಲ್ಲೇ ಸಿಗುತ್ತದೆ, ಪೂರ್ತಿ ಉಚಿತ. ಹುಡುಕಿದಾಗ ಮೇಲೆ ಮೇಲೆ ಕಾಣುವ ಕೆಲವು ಖಾಸಗಿ ತಾಣಗಳು ಇದೇ ಕೆಲಸಕ್ಕೆ ದುಡ್ಡು ಕೇಳುತ್ತವೆ. ಸುಮ್ನೆ ದುಡ್ಡು ದಂಡ. ಇಲ್ಲಿ ಇನ್ನೊಂದು ವಿಷಯ. ಇಐಎನ್ ಕೊಟ್ಟರೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೊಡುವುದು ತಪ್ಪುತ್ತದೆ, ಬ್ಯಾಂಕ್ ನಿಮ್ಮ ಸ್ವಂತ ಕ್ರೆಡಿಟ್ ನೋಡುವುದಿಲ್ಲ ಅಂತ ನಂಬಿದವರಿದ್ದಾರೆ. ಹಾಗಾಗುವುದಿಲ್ಲ. ಅರ್ಜಿಯ ಎರಡನೇ ಭಾಗದಲ್ಲಿ ಮಾಲೀಕರ ವಿವರ ಕೇಳುತ್ತಾರೆ. ಅಲ್ಲಿ ನಿಮ್ಮ ನಂಬರ್, ಹುಟ್ಟಿದ ದಿನ ಎಲ್ಲ ಕೊಡಲೇಬೇಕು. ಗುರುತು ಪರಿಶೀಲಿಸದೆ ಬ್ಯಾಂಕ್ ಖಾತೆ ತೆರೆಯುವಂತಿಲ್ಲ. ಅದು ಫೆಡರಲ್ ನಿಯಮ.

ಎಷ್ಟು ವರ್ಷದಿಂದ? ಎರಡು. ಮೊದಲ ಹಣ ಬಂದ ದಿನದಿಂದಲೋ ಮೊದಲು ಜಾಹೀರಾತು ಹಾಕಿದ ದಿನದಿಂದಲೋ ಲೆಕ್ಕ ಹಾಕಿ. ನಿಜಕ್ಕೂ ಕೆಲಸ ಶುರುವಾದ ದಿನವಾಗಿದ್ದರೆ ಸಾಕು.

ನೌಕರರು ಎಷ್ಟು? ಒಬ್ಬರು. ಅಂದರೆ ಅವರೇ. ಅರ್ಜಿಯಲ್ಲಿ "ನಿಮ್ಮನ್ನು ಬಿಟ್ಟು" ಅಂತ ಕೇಳಿದ್ದರೆ ಮಾತ್ರ ಸೊನ್ನೆ.

ವ್ಯಾಪಾರದ ವಾರ್ಷಿಕ ಆದಾಯ. 9,400. ಖರ್ಚು ಕಳೆಯುವ ಮುಂಚಿನ ಮೊತ್ತ ಇದು. ಗಿರಾಕಿಗಳ ಕಡೆಯಿಂದ ಬಂದದ್ದಷ್ಟೂ. ಕೆಲಸ ಹೊಸದಾಗಿ ಶುರುವಾಗಿದ್ದು ಇನ್ನೂ ಏನೂ ಬಂದಿಲ್ಲ ಅಂದರೆ ಸೊನ್ನೆ ಅಂತಲೇ ಬರೆಯಿರಿ. ಸೊನ್ನೆ ಬರೆಯಲು ನಾಚಿಕೆ ಬೇಡ. ಸೊನ್ನೆ ಆದಾಯಕ್ಕೂ ಕಾರ್ಡ್ ಸಿಕ್ಕವರಿದ್ದಾರೆ, ಯಾಕಂದರೆ ಬ್ಯಾಂಕ್ ಮುಖ್ಯವಾಗಿ ನೋಡುವುದು ಮುಂದಿನ ಕಾಲಂ.

ನಿಮ್ಮ ಒಟ್ಟು ವಾರ್ಷಿಕ ಆದಾಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಉದಾಹರಣೆಯ ಮಹಿಳೆ 31,000ಕ್ಕೆ 9,400 ಕೂಡಿಸಿ 40,400 ಅಂತ ಬರೆಯಲು ಹೊರಡಬಹುದು. ಅದು ತಪ್ಪು. ಆ 9,400ರಲ್ಲಿ 3,100 ಬಟ್ಟೆ ಅಂಗಡಿಗೂ ಮಷೀನ್ ರಿಪೇರಿಯವನಿಗೂ ಹೋಗಿಬಿಟ್ಟಿದೆ, ಅದು ಅವರ ಆದಾಯ ಅಲ್ಲ. ಸಂಬಳ 31,000, ವ್ಯಾಪಾರದಿಂದ ಉಳಿದದ್ದು 6,300, ಒಟ್ಟು 37,300. ಒಂದೇ ವ್ಯಾಪಾರ, ಎರಡು ಕಾಲಂ, ಎರಡು ಬೇರೆ ಸಂಖ್ಯೆ. ಮೊದಲನೆಯದು ಖರ್ಚು ಕಳೆಯದೆ, ಎರಡನೆಯದು ಕಳೆದ ಮೇಲೆ. ಇದು ಗೊತ್ತಿಲ್ಲದೆ ತಪ್ಪಿದವರು ಬಹಳ. ಆಮೇಲೆ ಬ್ಯಾಂಕ್ ಟ್ಯಾಕ್ಸ್ ರಿಟರ್ನ್ ಕೇಳಿದರೆ ಸಂಖ್ಯೆಗಳು ಹೊಂದುವುದಿಲ್ಲ.

ಉಳಿದದ್ದು ತಿಂಗಳಿಗೆ ಎಷ್ಟು ಖರ್ಚು ಮಾಡುತ್ತೀರಿ ಅನ್ನುವ ಅಂದಾಜು. ಆಗುವಷ್ಟನ್ನೇ ಬರೆಯಿರಿ. ದೊಡ್ಡದಾಗಿ ಬರೆದರೆ ಲಿಮಿಟ್ ದೊಡ್ಡದಾಗಿ ಸಿಗುತ್ತದೆ ಅನ್ನುವ ಆಸೆಗೆ ಬೀಳಬೇಡಿ. ಫೆಡರಲ್ ವಿಮೆ ಇರುವ ಬ್ಯಾಂಕಿಗೆ ಸಾಲದ ಅರ್ಜಿಯಲ್ಲಿ ಗೊತ್ತಿದ್ದೂ ಸುಳ್ಳು ಹೇಳುವುದು ಫೆಡರಲ್ ಅಪರಾಧ. ಗರಿಷ್ಠ ಶಿಕ್ಷೆ 30 ವರ್ಷ ಜೈಲು ಮತ್ತು 10 ಲಕ್ಷ ಡಾಲರ್ ದಂಡ. ಹೊಲಿಗೆಯವರನ್ನು ಹಿಡಿದು 30 ವರ್ಷ ಜೈಲಿಗೆ ಹಾಕುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಕಾನೂನು ಈ ಕಾಲಂಗಳನ್ನು ಎಷ್ಟು ಗಟ್ಟಿಯಾಗಿ ನೋಡುತ್ತದೆ ಅನ್ನುವುದು ಗೊತ್ತಿರಲಿ. ಕಾರ್ಡಿನ ಜೊತೆ ಸಿಗುವ ಸ್ವಾಗತ ಬೋನಸ್ ಪಾಯಿಂಟಿಗೋಸ್ಕರ ಇಲ್ಲದ ವ್ಯಾಪಾರ ಹುಟ್ಟಿಸಿ ಅರ್ಜಿ ಹಾಕುವವರೂ ಇದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಪುಟ್ಟದಾದರೂ ನಿಜವಾದ ವ್ಯಾಪಾರ ಇರಬೇಕು.

ವೀಸಾದ ಮೇಲೆ ಇರುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಚ್-1ಬಿ ವೀಸಾದವರು ತಮಗಾಗಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ ಕೆಲಸ ಮಾಡಬಹುದು. ಸ್ವಂತ ಹೆಸರಿನಲ್ಲಿ ಪಕ್ಕದ ಕೆಲಸ ಮಾಡಿ ಹಣ ಪಡೆದರೆ ವೀಸಾಗೇ ಕುತ್ತು. ಅಂಥವರಿಗೆ ಸೋಲ್ ಪ್ರೊಪ್ರೈಟರ್ ಕಾರ್ಡಿನ ಪ್ರಶ್ನೆಯೇ ಏಳಬಾರದು. ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿದ್ದು ಕೆಲಸದ ಪರವಾನಗಿ, ಅಂದರೆ ಇಎಡಿ, ಪಡೆದವರಿಗೆ ಸ್ವಂತ ವ್ಯಾಪಾರಕ್ಕೂ ಅವಕಾಶ ಇದೆ. ಕೆಲವು ಎಚ್-4 ಸಂಗಾತಿಗಳಿಗೆ ಈ ಪರವಾನಗಿ ಸಿಗಲು ಶುರುವಾದದ್ದು 2015ರಲ್ಲಿ. ಮನೆಯಿಂದ ಸಣ್ಣ ವ್ಯಾಪಾರ ನಡೆಸುವ ಎಷ್ಟೋ ಕನ್ನಡತಿಯರು ಈ ಗುಂಪಿನವರೇ. ಪರವಾನಗಿಯ ಗಡುವು ಮುಗಿಯುವ ದಿನ ನೆನಪಿಟ್ಟುಕೊಂಡಿರಿ. ಅನುಮಾನ ಇದ್ದರೆ ಬ್ಯಾಂಕಿಗೆ ಹೋಗುವ ಮುಂಚೆ ವಲಸೆ ವಕೀಲರನ್ನು ಕೇಳಿ.

ಒತ್ತಿದ ಮೇಲೆ ಏನಾಗುತ್ತದೆ

ನೀವೂ ವ್ಯಾಪಾರವೂ ಒಬ್ಬರೇ ಆದ್ದರಿಂದ ಬ್ಯಾಂಕ್ ತೂಗುವುದು ನಿಮ್ಮನ್ನೇ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಅನ್ನುವ ಮೂರು ಸಂಸ್ಥೆಗಳಲ್ಲಿ ಒಂದರಿಂದಲೋ ಹೆಚ್ಚು ಕಡೆಯಿಂದಲೋ ನಿಮ್ಮ ರಿಪೋರ್ಟ್ ತರಿಸುತ್ತದೆ. ಸಾಲ ತೀರಿಸುವ ವಿಷಯದಲ್ಲಿ ನಿಮ್ಮನ್ನು ಎಷ್ಟು ನಂಬಬಹುದು ಅಂತ ಅಳೆಯಲು ಸಾಮಾನ್ಯವಾಗಿ ಬಳಸುವ ಫೈಕೋ ಸ್ಕೋರ್ 300ರಿಂದ 850ರ ತನಕ ಇರುತ್ತದೆ. ಅದರಲ್ಲಿ ನೂರಕ್ಕೆ 35 ಭಾಗ ನೀವು ಸಮಯಕ್ಕೆ ಸರಿಯಾಗಿ ಕಟ್ಟಿದ್ದೀರಾ ಅನ್ನುವುದಕ್ಕೆ. 30 ಭಾಗ ಇರುವ ಸಾಲ ಎಷ್ಟು ಅನ್ನುವುದಕ್ಕೆ. 15 ಭಾಗ ಎಷ್ಟು ಕಾಲದಿಂದ ಸಾಲದ ವ್ಯವಹಾರ ಇದೆ ಅನ್ನುವುದಕ್ಕೆ. ಉಳಿದ ಹತ್ತು ಹತ್ತು ಹೊಸ ಸಾಲಕ್ಕೂ ಸಾಲದ ಬಗೆಗಳಿಗೂ. ಅಂದರೆ ಮನೆಯ ಕಾರ್ಡನ್ನು ನೀವು ಹೇಗೆ ನಡೆಸಿದ್ದೀರಿ ಅನ್ನುವುದೇ ವ್ಯಾಪಾರದ ಕಾರ್ಡಿಗೆ ಮುಖ್ಯ ಆಧಾರ.

ಬ್ಯಾಂಕ್ ಹೀಗೆ ನೋಡಿದಾಗ ರಿಪೋರ್ಟಿನಲ್ಲಿ ಹಾರ್ಡ್ ಇನ್‌ಕ್ವೈರಿ ಅಂತ ಒಂದು ಗುರುತು ಬೀಳುತ್ತದೆ. ಅದು ಎರಡು ವರ್ಷ ಕಾಣುತ್ತದೆ, ಆದರೆ ಫೈಕೋ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೊದಲ 12 ತಿಂಗಳು ಮಾತ್ರ. ಹೆಚ್ಚಿನವರಿಗೆ ಐದು ಅಂಕಕ್ಕಿಂತ ಕಡಿಮೆ ಇಳಿಯುತ್ತದೆ. ಒಂದು ಅರ್ಜಿಗೆ ಹೆದರಬೇಕಿಲ್ಲ. ಒಂದೇ ವಾರದಲ್ಲಿ ನಾಲ್ಕು ಕಡೆ ಹಾಕಬೇಡಿ, ಅಷ್ಟೇ.

ಅರ್ಜಿಗೆ ಮುಂಚೆ ಒಂದು ಸಂಜೆ ಈ ಕೆಲಸಕ್ಕೆ ಮೀಸಲಿಡಿ. ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಮೂರೂ ಸಂಸ್ಥೆಗಳ ರಿಪೋರ್ಟ್ ಉಚಿತವಾಗಿ ಸಿಗುತ್ತದೆ. ಹಳೆಯ ಮನೆಯ ವಿಳಾಸ, ತಪ್ಪಾಗಿ ಬಿದ್ದ ಬಾಕಿ, ಹೆಸರಿನ ಸ್ಪೆಲ್ಲಿಂಗ್ ಎಲ್ಲ ನೋಡಿ. ನಮ್ಮ ಹೆಸರುಗಳ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುತ್ತದೆ, ಅಲ್ವಾ? ಪಾಸ್‌ಪೋರ್ಟಿನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು. ಬ್ಯಾಂಕಿನ ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಜನ. ಅಲ್ಲೇ ಎಷ್ಟೋ ಅರ್ಜಿ ತಡೆದು ನಿಲ್ಲುತ್ತದೆ. ಕಳ್ಳತನದ ಭಯಕ್ಕೆ ಹಿಂದೆಂದೋ ಕ್ರೆಡಿಟ್ ಫ್ರೀಜ್ ಮಾಡಿಸಿದ್ದರೆ ಅದನ್ನೂ ಕೆಲವು ದಿನಕ್ಕೆ ತೆಗೆಯಿರಿ. ಫ್ರೀಜ್ ಇದ್ದರೆ ಬ್ಯಾಂಕಿಗೆ ರಿಪೋರ್ಟೇ ಸಿಗುವುದಿಲ್ಲ. 2018ರಿಂದ ಫ್ರೀಜ್ ಹಾಕುವುದೂ ತೆಗೆಯುವುದೂ ಉಚಿತ.

ಕಾರ್ಡ್ ಬಂದ ಮೇಲೆ ಅದರ ಲೆಕ್ಕ ನಿಮ್ಮ ಸ್ವಂತ ರಿಪೋರ್ಟಿಗೆ ಹೋಗುತ್ತದೋ ಇಲ್ಲವೋ ಅನ್ನುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಕೆಲವರು ಪ್ರತಿ ತಿಂಗಳೂ ಕಳಿಸುತ್ತಾರೆ. ಬಹಳ ಜನ ವ್ಯಾಪಾರದ ಕ್ರೆಡಿಟ್ ಸಂಸ್ಥೆಗಳಿಗೆ ಮಾತ್ರ ಕಳಿಸುತ್ತಾರೆ, ಕಂತು ತಪ್ಪಿದರೆ ಮಾತ್ರ ಸ್ವಂತ ರಿಪೋರ್ಟಿಗೂ ಹಾಕುತ್ತಾರೆ. ಇದು ಸಣ್ಣ ವಿಷಯ ಅಲ್ಲ. ಹಬ್ಬದ ಸೀಸನ್ನಿಗೆ ಅಂತ 4,000 ಡಾಲರಿನ ಬಟ್ಟೆ ಕೊಂಡಿರಿ ಅನ್ನಿ. ಅದೇ ತಿಂಗಳು ಮನೆ ಸಾಲಕ್ಕೆ ಅರ್ಜಿ ಹಾಕಿದ್ದೀರಿ. ಆ ಬಾಕಿ ಸ್ವಂತ ರಿಪೋರ್ಟಿನಲ್ಲಿ ಕಂಡರೆ ಸ್ಕೋರ್ ಇಳಿದು ಮನೆ ಸಾಲದ ಬಡ್ಡಿಯ ಮೇಲೂ ಅದರ ನೆರಳು ಬೀಳಬಹುದು. ಅರ್ಜಿ ಹಾಕುವ ಮುಂಚೆಯೇ ಬ್ಯಾಂಕನ್ನು ಕೇಳಿ.

ಬಿಸಿನೆಸ್ ಅನ್ನುವ ಪದದ ಬೆಲೆ

ಈಗ ಆ ಮುಖ್ಯವಾದ ಮಾತು. ಬ್ಯಾಂಕುಗಳ ಜಾಹೀರಾತಿನಲ್ಲಿ ಇದು ಎದ್ದು ಕಾಣುವುದಿಲ್ಲ.

ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಪರ್ಸನಲ್ ಗ್ಯಾರಂಟಿ ಅಂತ ಇರುತ್ತದೆ. ವ್ಯಾಪಾರ ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಅನ್ನುವ ಒಪ್ಪಿಗೆ ಅದು. ಎಲ್‌ಎಲ್‌ಸಿ ಮಾಲೀಕರಿಗೆ ಅದು ದೊಡ್ಡ ನಿರ್ಧಾರ, ಯಾಕಂದರೆ ಅವರ ಕಂಪನಿಯೇ ಬೇರೆ, ಅವರೇ ಬೇರೆ. ಸೋಲ್ ಪ್ರೊಪ್ರೈಟರಿಗೆ ಆ ಗೋಡೆಯೇ ಇಲ್ಲ. ಗ್ಯಾರಂಟಿಗೆ ಸಹಿ ಹಾಕದಿದ್ದರೂ ಸಾಲ ನಿಮ್ಮದೇ. ವ್ಯಾಪಾರ ಮುಚ್ಚಿದರೂ ಬಾಕಿ ಮುಚ್ಚುವುದಿಲ್ಲ. ಕಾರ್ಡಿನ ಮೇಲೆ "ಬಿಸಿನೆಸ್" ಅಂತ ಅಚ್ಚಾಗಿದ್ದರೂ ಅದರ ಸಾಲಕ್ಕೆ ನಿಮ್ಮ ಉಳಿತಾಯ, ನಿಮ್ಮ ಆಸ್ತಿ ಹೊಣೆ.

ಇಷ್ಟಾದರೆ ಪರವಾಗಿಲ್ಲ, ಮನೆಯ ಕಾರ್ಡಿನಲ್ಲೂ ಹಾಗೇ ಅಲ್ಲವೇ ಅನ್ನಬಹುದು. ನಿಜವಾದ ವ್ಯತ್ಯಾಸ ಇರುವುದು ರಕ್ಷಣೆಯಲ್ಲಿ. 2009ರಲ್ಲಿ ಅಮೆರಿಕದಲ್ಲಿ ಕಾರ್ಡ್ ಆ್ಯಕ್ಟ್ ಅನ್ನುವ ಕಾನೂನು ಬಂತು. ಅದರ ಪ್ರಕಾರ ಬಡ್ಡಿ ಏರಿಸುವ ಮುಂಚೆ 45 ದಿನ ಮೊದಲೇ ತಿಳಿಸಬೇಕು. ನೀವು 60 ದಿನ ಬಾಕಿ ಉಳಿಸಿಕೊಂಡಂಥ ಕೆಲವು ಸಂದರ್ಭ ಬಿಟ್ಟರೆ, ಈಗಾಗಲೇ ಇರುವ ಬಾಕಿಯ ಮೇಲೆ ಬಡ್ಡಿ ಏರಿಸುವಂತಿಲ್ಲ. ಕನಿಷ್ಠ ಕಂತಿಗಿಂತ ಜಾಸ್ತಿ ಕಟ್ಟಿದರೆ ಆ ಹೆಚ್ಚುವರಿ ಹಣ ಮೊದಲು ಅತಿ ಹೆಚ್ಚು ಬಡ್ಡಿಯ ಬಾಕಿಗೆ ಹೋಗಬೇಕು. ಒಳ್ಳೆಯ ಕಾನೂನು. ಆದರೆ ಅದು ಮನೆಯ ಕಾರ್ಡುಗಳಿಗೆ ಮಾತ್ರ. ವ್ಯಾಪಾರಕ್ಕೆ ಕೊಡುವ ಸಾಲಕ್ಕೆ ಅದು ಅನ್ವಯಿಸುವುದಿಲ್ಲ.

ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಹಾಗೆ ಬಿಟ್ಟದ್ದು ಕಂಪನಿಗಳಿಗೆ ವಕೀಲರಿದ್ದಾರೆ, ಲೆಕ್ಕಿಗರಿದ್ದಾರೆ, ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ ಅನ್ನುವ ಯೋಚನೆಯಲ್ಲಿರಬಹುದು. ಮನೆಯ ಮೂಲೆಯಲ್ಲಿ ಹೊಲಿಯುವವರಿಗೆ ಯಾವ ವಕೀಲರಿದ್ದಾರೆ? ಸಾಲ ತೀರಿಸುವಾಗ ಅವರು ಸಾಮಾನ್ಯ ವ್ಯಕ್ತಿ, ರಕ್ಷಣೆ ಕೇಳುವಾಗ ಮಾತ್ರ ವ್ಯಾಪಾರ ಸಂಸ್ಥೆ. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಕೆಲವು ಬ್ಯಾಂಕುಗಳು ತಾವಾಗಿಯೇ ಈ ನಿಯಮಗಳಲ್ಲಿ ಕೆಲವನ್ನು ಬಿಸಿನೆಸ್ ಕಾರ್ಡಿಗೂ ಪಾಲಿಸುತ್ತವೆ. ಪಾಲಿಸುವುದನ್ನು ನಿಲ್ಲಿಸಿದರೆ ಕೇಳಲು ಕಾನೂನಿನ ಆಸರೆ ಇಲ್ಲ. ಅದಕ್ಕೇ ಒಪ್ಪಂದದ ಪ್ರತಿಯಲ್ಲಿ ಎರಡು ಜಾಗ ಹುಡುಕಿ ಓದಿ: ಬಡ್ಡಿ ಯಾವಾಗ, ಹೇಗೆ ಬದಲಾಗಬಹುದು ಅನ್ನುವುದು ಒಂದು, ಒಂದು ಕಂತು ತಡವಾದರೆ ಏನಾಗುತ್ತದೆ ಅನ್ನುವುದು ಇನ್ನೊಂದು. ಮೊದಲ ವರ್ಷ ಸೊನ್ನೆ ಬಡ್ಡಿ ಅಂತ ಕೊಟ್ಟ ಕಾರ್ಡಿನಲ್ಲಿ ಒಂದು ದಿನ ತಪ್ಪಿದ್ದಕ್ಕೇ ಆ ಕೊಡುಗೆ ಹೋಗಬಹುದು ಅಂತ ಬರೆದಿರುತ್ತದೆ. ಆಟೋಪೇ ಹಾಕಿಬಿಡಿ.

ಆದರೂ ಎರಡು ರಕ್ಷಣೆಗಳು ಬಿಸಿನೆಸ್ ಕಾರ್ಡಿಗೂ ಇವೆ. ಒಂದು, ಕೇಳದೆ ಯಾರೂ ನಿಮಗೆ ಕ್ರೆಡಿಟ್ ಕಾರ್ಡ್ ಕಳಿಸುವಂತಿಲ್ಲ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದಲ್ಲಿ ಸುಮಾರು 60,000 ಕಾರ್ಡುಗಳನ್ನು ಯಾರೂ ಕೇಳದೆಯೇ ಅಂಚೆಯಲ್ಲಿ ಕಳಿಸಿತ್ತು. ಇಂದಿನ ವೀಸಾ ಕಾರ್ಡಿನ ಮೂಲ ಅದೇ. ಬೇರೆ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಕೊನೆಗೆ 1970ರಲ್ಲಿ ಕಾನೂನು ಅದನ್ನು ನಿಲ್ಲಿಸಿತು. ಎರಡನೆಯದು, ಕಾರ್ಡ್ ಕಳೆದುಹೋಗಿ ಬೇರೆ ಯಾರೋ ಬಳಸಿದರೆ ನಿಮ್ಮ ಹೊಣೆ 50 ಡಾಲರ್ ಮೀರುವುದಿಲ್ಲ. ಇಲ್ಲಿ ಒಂದು ಎಚ್ಚರ. ಕೆಲಸಕ್ಕೆ ನೆರವಾಗುವವರಿಗೆ ನೀವೇ ಹೆಚ್ಚುವರಿ ಕಾರ್ಡ್ ಕೊಟ್ಟಿದ್ದು, ಅವರು ಮನಸ್ಸಿಗೆ ಬಂದಂತೆ ಖರ್ಚು ಮಾಡಿದರೆ ಅದು ಕಳ್ಳತನದ ಲೆಕ್ಕಕ್ಕೆ ಬರುವುದು ಕಷ್ಟ. ಬಳಸಲು ಅನುಮತಿ ಕೊಟ್ಟವರು ನೀವೇ ಆಗಿರುತ್ತೀರಿ. ಹೆಚ್ಚುವರಿ ಕಾರ್ಡಿಗೆ ಸಣ್ಣ ಮಿತಿ ಹಾಕಿಸಿ.

ಇಲ್ಲ ಅಂದರೆ

ಅರ್ಜಿ ತಿರಸ್ಕಾರವಾದರೆ ಬೇಸರ ಆಗುತ್ತದೆ, ನನಗೂ ಆಗಿತ್ತು. ಆದರೆ ಈ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. ಸಾಲ ಕೊಡುವಾಗ ಭೇದಭಾವ ಮಾಡಬಾರದು ಅನ್ನುವ ಇಕ್ವಲ್ ಕ್ರೆಡಿಟ್ ಆಪರ್ಚುನಿಟಿ ಆ್ಯಕ್ಟ್ ವ್ಯಾಪಾರದ ಸಾಲಕ್ಕೂ ಅನ್ವಯಿಸುತ್ತದೆ. ಪೂರ್ತಿ ಅರ್ಜಿ ಸಿಕ್ಕ 30 ದಿನದೊಳಗೆ ಬ್ಯಾಂಕ್ ತನ್ನ ತೀರ್ಮಾನ ತಿಳಿಸಬೇಕು. ವರ್ಷಕ್ಕೆ 10 ಲಕ್ಷ ಡಾಲರ್ ಅಥವಾ ಅದಕ್ಕಿಂತ ಕಡಿಮೆ ಆದಾಯದ ವ್ಯಾಪಾರಗಳಿಗೆ ಒಂದೋ ಕಾರಣ ಹೇಳಬೇಕು, ಇಲ್ಲವೇ ಕಾರಣ ಕೇಳುವ ಹಕ್ಕು ನಿಮಗಿದೆ ಅಂತ ತಿಳಿಸಬೇಕು. ಎರಡನೆಯದಾದರೆ 60 ದಿನದೊಳಗೆ ಕೇಳಿ. ಕ್ರೆಡಿಟ್ ರಿಪೋರ್ಟ್ ನೋಡಿ ಬೇಡ ಅಂದಿದ್ದರೆ, ಆ ರಿಪೋರ್ಟಿನ ಪ್ರತಿಯನ್ನೂ 60 ದಿನದೊಳಗೆ ಉಚಿತವಾಗಿ ಪಡೆಯಬಹುದು.

ಹೆಂಗಸರಿಗೆ ಇದರಲ್ಲಿ ಇನ್ನೂ ಒಂದು ವಿಷಯ ಗೊತ್ತಿರಬೇಕು. ಈ ಕಾನೂನು ಬಂದದ್ದು 1974ರಲ್ಲಿ. ಆಮೇಲೂ ಅಮೆರಿಕದ ಕೆಲವು ರಾಜ್ಯಗಳಲ್ಲಿ ಮಹಿಳೆ ವ್ಯಾಪಾರಕ್ಕೆ ಸಾಲ ಕೇಳಿದರೆ ಗಂಡನೋ ತಂದೆಯೋ ಸಹಿ ಹಾಕಬೇಕು ಅನ್ನುವ ನಿಯಮ ಉಳಿದಿತ್ತು. 1988ರ ವಿಮೆನ್ಸ್ ಬಿಸಿನೆಸ್ ಓನರ್‌ಶಿಪ್ ಆ್ಯಕ್ಟ್ ಬಂದ ಮೇಲೆ ಅದು ಹೋಯಿತು. ಅಂದರೆ ಇದೆಲ್ಲ ನಮ್ಮ ಕಾಲದ ಮಾತೇ. ಈಗ ನಿಮ್ಮ ಸ್ವಂತ ಕ್ರೆಡಿಟ್ ಮತ್ತು ಆದಾಯ ಸಾಕಷ್ಟಿದ್ದರೆ ಗಂಡನ ಸಹಿ ಬೇಕು ಅಂತ ಬ್ಯಾಂಕ್ ಕೇಳುವಂತಿಲ್ಲ. ಕೇಳಿದರೆ ಯಾಕೆ ಅಂತ ಬರೆದು ಕೊಡಲು ಹೇಳಿ.

ಕಾರಣ ತಿಳಿದ ಮೇಲೆ ಬ್ಯಾಂಕಿಗೆ ಫೋನ್ ಮಾಡಿ ಮರುಪರಿಶೀಲನೆ ಕೇಳಬಹುದು. ಕಂಪ್ಯೂಟರ್ ತಳ್ಳಿದ ಅರ್ಜಿಯನ್ನು ಮನುಷ್ಯರೊಬ್ಬರು ನೋಡುತ್ತಾರೆ. ಏನು ಕೆಲಸ, ಗಿರಾಕಿಗಳು ಹೇಗೆ ಬರುತ್ತಾರೆ, ಕಾರ್ಡಿನಲ್ಲಿ ಏನು ಕೊಳ್ಳುತ್ತೀರಿ ಅಂತ ಕೇಳುತ್ತಾರೆ. ನಮ್ಮ ಉದಾಹರಣೆಯ ಮಹಿಳೆ "ಹೊಲಿಗೆ ಕೆಲಸ, ಎರಡು ವರ್ಷದಿಂದ, ಹೋದ ವರ್ಷ 9,400 ಬಂತು, ಬಟ್ಟೆ ಮತ್ತು ದಾರಕ್ಕೆ ಕಾರ್ಡ್ ಬೇಕು" ಅಂತ ನೇರವಾಗಿ ಹೇಳಿದರೆ ಸಾಕು. ಅರ್ಜಿಯಲ್ಲಿ ಇದ್ದದ್ದು ನಿಜವಾದರೆ ಫೋನಿನಲ್ಲಿ ತಡವರಿಸುವ ಪ್ರಶ್ನೆಯೇ ಬರುವುದಿಲ್ಲ.

ಕಾರ್ಡ್ ಬಂದ ಮೇಲೆ ಅದರಲ್ಲಿ ಮನೆಯ ದಿನಸಿ ಕೊಳ್ಳಬೇಡಿ. ಬಹಳ ಬ್ಯಾಂಕುಗಳ ಒಪ್ಪಂದದಲ್ಲೇ ಇದು ವ್ಯಾಪಾರಕ್ಕೆ ಮಾತ್ರ ಅಂತ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ ಏಪ್ರಿಲ್ ರಾತ್ರಿಗಳು ಉಳಿಯುತ್ತವೆ. ವ್ಯಾಪಾರದ ಖರ್ಚಿನ ಮೇಲೆ ಕಟ್ಟಿದ ಬಡ್ಡಿಯನ್ನೂ ಕಾರ್ಡಿನ ವಾರ್ಷಿಕ ಶುಲ್ಕವನ್ನೂ ಶೆಡ್ಯೂಲ್ ಸಿಯಲ್ಲಿ ಖರ್ಚಾಗಿ ತೋರಿಸಬಹುದು. ಮನೆಯ ಖರ್ಚಿನ ಮೇಲಿನ ಕಾರ್ಡ್ ಬಡ್ಡಿಗೆ ಆ ಸೌಲಭ್ಯ ಇಲ್ಲ. ಎರಡೂ ಒಂದೇ ಕಾರ್ಡಿನಲ್ಲಿ ಬೆರೆತರೆ ಯಾವ ಬಡ್ಡಿ ಯಾವುದರದ್ದು ಅಂತ ಬಿಡಿಸುವುದು ತಲೆನೋವು. ಡಿಸೆಂಬರ್ 28ಕ್ಕೆ ಕಾರ್ಡಿನಲ್ಲಿ ಕೊಂಡ ದಾರದ ಬಿಲ್ಲನ್ನು ನೀವು ಜನವರಿಯಲ್ಲಿ ತೀರಿಸಿದರೂ ಅದು ಡಿಸೆಂಬರ್ ವರ್ಷದ ಖರ್ಚೇ. ಕಾರ್ಡ್ ಉಜ್ಜಿದ ದಿನ ಲೆಕ್ಕಕ್ಕೆ, ತೀರಿಸಿದ ದಿನ ಅಲ್ಲ.

ಕೆಲಸ ಬೆಳೆದು ಮುಂದೊಂದು ದಿನ ಎಲ್‌ಎಲ್‌ಸಿ ಮಾಡಿಸಿದರೆ ಈ ಕಾರ್ಡ್ ತಾನಾಗಿ ಅದರ ಹೆಸರಿಗೆ ಹೋಗುವುದಿಲ್ಲ. ಬ್ಯಾಂಕಿಗೆ ತಿಳಿಸಬೇಕು, ಎಷ್ಟೋ ಸಲ ಹೊಸ ಅರ್ಜಿಯನ್ನೇ ಹಾಕಬೇಕಾಗುತ್ತದೆ. ಆಗ ಮೊದಲ ಕಾಲಂನಲ್ಲಿ ಬರೆಯುವುದು ಎಲ್‌ಎಲ್‌ಸಿಯ ಹೆಸರು. ಕೊನೆಯಲ್ಲಿ ಪರ್ಸನಲ್ ಗ್ಯಾರಂಟಿಯ ಕೆಳಗೆ ಕೇಳುವ ಹೆಸರು ಮಾತ್ರ ಸಾಮಾನ್ಯವಾಗಿ ಆಗಲೂ ನಿಮ್ಮದೇ.